ಕ್ರಿಸ್‌ಮಸ್ ಗಿಡ ಮತ್ತು ಮನೆಯ ಬೆಕ್ಕು: ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಕ್ರಿಸ್‌ಮಸ್ ಗಿಡ ನಿಲ್ಲಿಸಿದ ಕೂಡಲೇ ಬೆಕ್ಕು ಅದರ ಮೇಲೇರುವುದು ಏಕೆ?

ಉತ್ತರ: ಬೆಕ್ಕು ಬೇಟೆಯಾಡಿ ಬದುಕುವ ಪ್ರಾಣಿ. ಎತ್ತರದಲ್ಲಿ ಕುಳಿತರೆ ಅದಕ್ಕೆ ಭದ್ರವೆನಿಸುತ್ತದೆ, ಇಡೀ ಕೋಣೆ ಕಣ್ಣಿಗೆ ಬೀಳುತ್ತದೆ. ಸಣ್ಣ ವಸ್ತುವೊಂದು ಅಲುಗಾಡಿದರೆ, ಹೊಳೆದರೆ, ಸದ್ದು ಮಾಡಿದರೆ ಪಂಜ ತಾನಾಗಿ ಮುಂದೆ ಬರುತ್ತದೆ. ಅಲಂಕರಿಸಿದ ಗಿಡದಲ್ಲಿ ಇವೆಲ್ಲವೂ ಒಂದೇ ಕಡೆ ಇರುತ್ತವೆ. ಜೊತೆಗೆ, ತಾನು ಓಡಾಡುವ ಜಾಗಕ್ಕೆ ಹೊಸ ವಾಸನೆಯ ವಸ್ತು ಬಂದರೆ ಅದನ್ನು ಮೂಸಿ, ಕೆನ್ನೆ ಉಜ್ಜಿ ತನ್ನ ವಾಸನೆ ಹಚ್ಚುವುದು ಬೆಕ್ಕಿನ ಸ್ವಭಾವ. ಮರಿಗಳಲ್ಲೂ ಎಳೆಯ ಬೆಕ್ಕುಗಳಲ್ಲೂ ಈ ಕುತೂಹಲ ಹೆಚ್ಚು, ವಯಸ್ಸಾದ ಬೆಕ್ಕು ಒಮ್ಮೆ ಮೂಸಿ ಸುಮ್ಮನಾಗುವುದೇ ಹೆಚ್ಚು. ಹೊಡೆತ, ಬೈಗುಳದಿಂದ ಈ ಸ್ವಭಾವ ಹೋಗುವುದಿಲ್ಲ. ಹೆದರಿದ ಬೆಕ್ಕು ಮೂಲೆ ಸೇರುತ್ತದೆ, ಊಟ ಬಿಡುತ್ತದೆ, ಕಂಡಲ್ಲಿ ಮೂತ್ರ ಮಾಡುತ್ತದೆ. ಆದ್ದರಿಂದ ತಿದ್ದಬೇಕಾದದ್ದು ಗಿಡದ ಅಲಂಕಾರವನ್ನೇ ಹೊರತು ಬೆಕ್ಕನ್ನಲ್ಲ.

ಪ್ರಶ್ನೆ: ಯಾವ ಗಿಡ ಹೆಚ್ಚು ಸುರಕ್ಷಿತ?

ಉತ್ತರ: ಹುಬ್ಬಳ್ಳಿ–ಧಾರವಾಡ ಅವಳಿ ನಗರದಲ್ಲಿ ಕ್ರಿಸ್‌ಮಸ್ ಹಳೆಯ ಹಬ್ಬ. ಆದರೆ ಇಲ್ಲಿನ ಹವೆಗೆ ಯೂರೋಪಿನ ಫರ್, ಸ್ಪ್ರೂಸ್ ಮರಗಳು ಬೆಳೆಯುವುದಿಲ್ಲ. ಹೀಗಾಗಿ ಮನೆಗಳಲ್ಲಿ ಕಾಣುವುದು ಮುಖ್ಯವಾಗಿ ಮೂರು ಬಗೆ: ಪ್ಲಾಸ್ಟಿಕ್ ಗಿಡ, ಕಡಿದು ತಂದ ಗಾಳಿಮರದ (ಸರ್ವೆ) ಕೊಂಬೆ, ಕುಂಡದಲ್ಲಿ ಬೆಳೆಸಿದ ಅರಾಕೇರಿಯ.

ಪ್ಲಾಸ್ಟಿಕ್ ಗಿಡಕ್ಕೆ ವಿಷವಿಲ್ಲ. ಆದರೆ ಹಳತಾದಂತೆ ಎಲೆಗಳು ಉದುರುತ್ತವೆ. ಬೆಕ್ಕು ಅವನ್ನು ನುಂಗಿದರೆ ಹೊಟ್ಟೆ ಕೆಡಬಹುದು, ಹೆಚ್ಚು ನುಂಗಿದರೆ ಕರುಳು ಕಟ್ಟಬಹುದು. ಹಗುರವಾಗಿರುವುದರಿಂದ ಬೆಕ್ಕು ಹತ್ತಿದ ತಕ್ಷಣ ಉರುಳುತ್ತದೆ. ಗಾಳಿಮರದ ಕೊಂಬೆ ನಾಲ್ಕಾರು ದಿನಗಳಲ್ಲೇ ಒಣಗುತ್ತದೆ, ಒಣಗಿದ್ದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಅರಾಕೇರಿಯ ಜೀವಂತ ಗಿಡ, ಮಣ್ಣು ತುಂಬಿದ ಕುಂಡ ಭಾರವಾಗಿರುವುದರಿಂದ ಸುಲಭಕ್ಕೆ ಬೀಳುವುದಿಲ್ಲ, ಹಬ್ಬ ಮುಗಿದ ಮೇಲೆ ಅಂಗಳಕ್ಕೆ ಹೋಗುತ್ತದೆ. ಅದರ ಎಲೆ ಜಗಿದರೆ ವಾಂತಿಯಾಗಬಹುದು. ಮೂರರಲ್ಲಿ ಬೆಕ್ಕಿರುವ ಮನೆಗೆ ಹೆಚ್ಚು ಹೊಂದುವುದು ಭಾರವಾದ ಕುಂಡದ ಅರಾಕೇರಿಯ. ಅದು ಸಿಗದಿದ್ದರೆ ಗಟ್ಟಿ ಬುಡದ ಚಿಕ್ಕ ಪ್ಲಾಸ್ಟಿಕ್ ಗಿಡವನ್ನು ಮೇಜಿನ ಮೇಲಿಡಬಹುದು.

ಪ್ರಶ್ನೆ: ಅಲಂಕಾರದ ವಸ್ತುಗಳಲ್ಲಿ ಅತಿ ಅಪಾಯದ್ದು ಯಾವುದು?

ಉತ್ತರ: ದಾರದಂತೆ ಉದ್ದವಾಗಿರುವುದೆಲ್ಲವೂ. ಮಿಂಚುವ ಝರಿಮಾಲೆ, ರಿಬ್ಬನ್, ಉಡುಗೊರೆ ಕಟ್ಟಿದ ದಾರ ಈ ಸಾಲಿನಲ್ಲಿ ಮೊದಲು ಬರುತ್ತವೆ. ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನ ಕಡೆಗೆ ಬಾಗಿದ ಸಣ್ಣ ಗಡುಸು ಮುಳ್ಳುಗಳಿವೆ. ದಾರದ ಒಂದು ತುದಿ ಅವುಗಳಿಗೆ ಸಿಕ್ಕರೆ ಬೆಕ್ಕಿಗೆ ಅದನ್ನು ಉಗುಳಲು ಬರುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ಭಾಗ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಅಥವಾ ಜಠರ ಕರುಳಿಗೆ ತೆರೆಯುವ ಬಾಯಲ್ಲಿ ಸಿಕ್ಕಿಕೊಂಡು ನಿಂತರೆ, ಉಳಿದ ಭಾಗ ಕರುಳಿಗೆ ಇಳಿಯುತ್ತದೆ. ಕರುಳು ತನ್ನ ಎಂದಿನ ಚಲನೆಯಲ್ಲಿ ಅದನ್ನು ಮುಂದೆ ತಳ್ಳಲು ನೋಡುತ್ತದೆ. ದಾರ ಜರುಗುವುದಿಲ್ಲ, ಕರುಳೇ ಲಾಡಿ ಎಳೆದ ಪೈಜಾಮದ ಸೊಂಟದಂತೆ ನೆರಿಗೆಗಟ್ಟುತ್ತದೆ. ಬಿಗಿದ ದಾರ ಕರುಳಿನ ಗೋಡೆಯನ್ನು ಕೊಯ್ದು ತೂತು ಮಾಡಬಹುದು, ಹೊಟ್ಟೆಯೊಳಗೆ ಸೋಂಕು ಹರಡಿ ಪ್ರಾಣ ಹೋಗಬಹುದು.

ಪದೇ ಪದೇ ವಾಂತಿ, ಊಟ ಬಿಡುವುದು, ಜೊಲ್ಲು, ಮಂಕಾಗಿ ಅಡಗಿ ಕೂರುವುದು, ಹೊಟ್ಟೆ ಮುಟ್ಟಿದರೆ ಚೀರುವುದು ಇದರ ಲಕ್ಷಣಗಳು. ಬಾಯಿಂದ ಅಥವಾ ಗುದದಿಂದ ದಾರದ ತುದಿ ಕಂಡರೂ ಅದನ್ನು ಎಳೆಯಲೇಬಾರದು, ಎಳೆದರೆ ಕರುಳು ಹರಿಯಬಹುದು. ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ಅನೇಕ ವೇಳೆ ಶಸ್ತ್ರಚಿಕಿತ್ಸೆಯೊಂದೇ ದಾರಿ.

ಈ ಅಪಾಯ ಡಿಸೆಂಬರಿಗಷ್ಟೇ ಸೀಮಿತವಲ್ಲ. ಮಲ್ಲಿಗೆ ಮಾಲೆಯ ದಾರ, ರಾಖಿ, ಗಾಳಿಪಟದ ಮಾಂಜಾ, ಸೂಜಿ ಪೋಣಿಸಿಟ್ಟ ಹೊಲಿಗೆ ದಾರ, ಗಣೇಶನ ಮಂಟಪದ ಝರಿ ಎಲ್ಲವೂ ಇದೇ ಗಾಯ ಮಾಡುತ್ತವೆ. ಹಿಮದಂತೆ ಕಾಣಲಿ ಎಂದು ಗಿಡದ ಮೇಲೆ ಹರಡುವ ಹತ್ತಿಯೂ ಬೇಡ. ನುಂಗಿದರೆ ಒಳಗೆ ಉಂಡೆಗಟ್ಟುತ್ತದೆ, ಕಿಡಿ ಬಿದ್ದರೆ ಭಗ್ಗನೆ ಉರಿಯುತ್ತದೆ. ಗಾಜಿನ ಗುಂಡುಗಳ ಬದಲು ಬಟ್ಟೆ, ಕಟ್ಟಿಗೆ, ದಪ್ಪ ಕಾಗದದ ಅಲಂಕಾರ ಮೇಲು. ತಂತಿಯ ಕೊಕ್ಕೆಗಳು ಬೇಡ.

ಪ್ರಶ್ನೆ: ಸೀರಿಯಲ್ ಸೆಟ್ ದೀಪಗಳ ವೈರ್ ಕಚ್ಚಿದರೆ ಏನಾಗುತ್ತದೆ?

ಉತ್ತರ: ಮನೆಯ ವಿದ್ಯುತ್ 230 ವೋಲ್ಟ್‌ನದು. ಬೆಕ್ಕು ವೈರ್ ಕಚ್ಚಿದರೆ ತುಟಿ, ನಾಲಿಗೆ, ಅಂಗುಳ ಸುಡುತ್ತವೆ. ಹೃದಯದ ಬಡಿತ ತಪ್ಪಿ ಸ್ಥಳದಲ್ಲೇ ಸಾಯಬಹುದು. ಬದುಕುಳಿದ ಬೆಕ್ಕು ಮೊದಲಿಗೆ ಚೆನ್ನಾಗಿಯೇ ಇರುವಂತೆ ಕಂಡರೂ, ಕೆಲವು ತಾಸುಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರಬಹುದು. ಆದ್ದರಿಂದ ಶಾಕ್ ಹೊಡೆದ ಬೆಕ್ಕನ್ನು ವೈದ್ಯರಿಗೆ ತೋರಿಸದೆ ಬಿಡಬಾರದು.

ಸಹಾಯಕ್ಕೆ ಹೋಗುವವರು ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದಕ್ಕೂ ಮೊದಲು ಬೆಕ್ಕನ್ನು ಮುಟ್ಟಿದರೆ ಮುಟ್ಟಿದವರಿಗೂ ಶಾಕ್ ಹೊಡೆಯುತ್ತದೆ. ದೀಪದ ವೈರನ್ನು ಗಿಡದ ಒಳಕೊಂಬೆಗಳಿಗೆ ಸುತ್ತಿ, ಕೆಳಗಿಳಿಯುವ ಭಾಗವನ್ನು ಪ್ಲಾಸ್ಟಿಕ್ ಪೈಪಿನೊಳಗೆ ಹಾಯಿಸಬೇಕು. ಮಲಗುವಾಗ ಪ್ಲಗ್ ಕಿತ್ತಿಡಬೇಕು. ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಮನೆಯಲ್ಲಿದ್ದರೆ ಮಕ್ಕಳಿಗೂ ಬೆಕ್ಕಿಗೂ ರಕ್ಷಣೆ. ಗಿಡದ ಹತ್ತಿರ ಮೇಣದಬತ್ತಿ ಹಚ್ಚಲೇಬಾರದು.

ಪ್ರಶ್ನೆ: ಹಬ್ಬದ ಹೂವು, ತಿನಿಸುಗಳಿಂದ ತೊಂದರೆಯಿದೆಯೆ?

ಉತ್ತರ: ಹೂವುಗಳಲ್ಲಿ ಲಿಲಿಯೇ ಮಾರಕ. ಹೂಗುಚ್ಛಗಳಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್ ಲಿಲಿಗಳ ಎಲೆ, ದಳ, ಪರಾಗ, ಹೂದಾನಿಯ ನೀರು ಎಲ್ಲವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ. ಮೈಗೆ ಅಂಟಿದ ಪರಾಗವನ್ನು ನೆಕ್ಕಿದರೂ ಸಾಕು, ಒಂದರಿಂದ ಮೂರು ದಿನಗಳಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ಮೊದಲ ಕೆಲವು ತಾಸುಗಳಲ್ಲೇ ಡ್ರಿಪ್ ಹಚ್ಚಿದರೆ ಉಳಿಯುವ ಸಾಧ್ಯತೆ ಹೆಚ್ಚು. ಬೆಕ್ಕಿರುವ ಮನೆಗೆ ಲಿಲಿ ತರದಿರುವುದೇ ಸರಿ. ಹೋಲಿಸಿದರೆ, ಡಿಸೆಂಬರಿನಲ್ಲಿ ಕೆಂಪೇರುವ ಪಾಯಿನ್‌ಸೆಟಿಯಾಕ್ಕೆ ಅಂಟಿರುವ ಕೆಟ್ಟ ಹೆಸರು ಅತಿಯಾದದ್ದು. ಅದರ ಹಾಲು ಬಾಯಿ ಉರಿಸುತ್ತದೆ, ವಾಂತಿ ಮಾಡಿಸುತ್ತದೆ, ಪ್ರಾಣ ತೆಗೆಯುವುದು ತೀರ ಅಪರೂಪ.

ಯೇಸು ಹುಟ್ಟಿದ ಗೋದಲಿಯ ಮಾದರಿಯ ಸುತ್ತ ಹಸಿರಿಗೆಂದು ಕಾಳು ಮೊಳೆಸುವವರು ಗೋದಿಯನ್ನೇ ಆರಿಸಬೇಕು, ಬೆಕ್ಕು ತಿಂದರೂ ಕೇಡಿಲ್ಲ. ಜೋಳ ಬೇಡ. ಎಳೆ ಜೋಳದ ಸಸಿಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಧುರಿನ್ ಎಂಬ ವಸ್ತುವಿದೆ. ಎಳೆ ಜೋಳ ಮೇಯ್ದ ದನಗಳಿಗೆ ವಿಷವೇರುವುದು ಧಾರವಾಡ ಸೀಮೆಯ ರೈತರಿಗೆ ತಿಳಿದ ಮಾತು.

ತಿನಿಸುಗಳಲ್ಲಿ ಚಾಕೊಲೇಟ್, ಮದ್ಯ ಬೆರೆಸಿದ ಪ್ಲಮ್ ಕೇಕ್, ಒಣದ್ರಾಕ್ಷಿ, ಉಳ್ಳಾಗಡ್ಡಿ–ಬೆಳ್ಳುಳ್ಳಿ ಹಾಕಿದ ಮಸಾಲೆ ಮಾಂಸ, ಬೇಯಿಸಿದ ಕೋಳಿಯ ಎಲುಬು ಇವನ್ನು ಬೆಕ್ಕಿಗೆ ಹಾಕಬಾರದು. ಉಳ್ಳಾಗಡ್ಡಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಪೇಢೆಯಂಥ ಹಾಲಿನ ಸಿಹಿಯಿಂದ ಅನೇಕ ಬೆಕ್ಕುಗಳಿಗೆ ಭೇದಿಯಾಗುತ್ತದೆ.

ಎಲ್ಲಕ್ಕಿಂತ ಗಂಭೀರವಾದದ್ದು ಮನುಷ್ಯರ ಮಾತ್ರೆ. ಪ್ಯಾರಸಿಟಮಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ, 500 ಮಿಲಿಗ್ರಾಮಿನ ಒಂದೇ ಮಾತ್ರೆ ಅದನ್ನು ಕೊಲ್ಲಬಹುದು. ಇದೇ ಕಾರಣಕ್ಕೆ ನೆಲ ಒರೆಸುವ ಫಿನೈಲ್ ಕೂಡ ಬೆಕ್ಕಿಗೆ ಆಗದು. ಅಲಂಕಾರದ ಪೆಟ್ಟಿಗೆಯಲ್ಲಿ ವರ್ಷವಿಡೀ ಇಟ್ಟ ನುಸಿಗುಳಿಗೆ (ಡಾಂಬರ್ ಗುಳಿಗೆ) ಪೆಟ್ಟಿಗೆ ತೆರೆದಾಗ ನೆಲಕ್ಕೆ ಉರುಳುತ್ತದೆ. ಅದರಲ್ಲಿರುವ ನ್ಯಾಫ್ತಲೀನ್ ಬೆಕ್ಕಿನ ರಕ್ತಕ್ಕೂ ಚಿಕ್ಕ ಮಕ್ಕಳಿಗೂ ವಿಷ. ಪೆಟ್ಟಿಗೆ ಬಿಚ್ಚುವಾಗ ಗುಳಿಗೆಗಳನ್ನು ಮೊದಲು ಆರಿಸಿ ತೆಗೆಯಬೇಕು.

ಪ್ರಶ್ನೆ: ಮನೆಯವರಿಗೆ ದಮ್ಮು, ಸೀನು ಹೆಚ್ಚಾಗುವುದು ಬೆಕ್ಕಿನಿಂದಲೋ, ಗಿಡದಿಂದಲೋ?

ಉತ್ತರ: ಎರಡರಿಂದಲೂ ಆಗಬಹುದು. ಬೆಕ್ಕಿನ ಜೊಲ್ಲಿನಲ್ಲೂ ಚರ್ಮದ ಗ್ರಂಥಿಗಳಲ್ಲೂ ಫೆಲ್ ಡಿ 1 ಎಂಬ ಪ್ರೋಟೀನ್ ಇರುತ್ತದೆ. ಒಣಗಿದ ಅದರ ಸೂಕ್ಷ್ಮ ಕಣಗಳು ಗಾಳಿಯಲ್ಲಿ ತೇಲುತ್ತವೆ. ಅಟ್ಟದಿಂದ ಇಳಿಸಿದ ಪ್ಲಾಸ್ಟಿಕ್ ಗಿಡದಲ್ಲಿ ವರ್ಷದ ದೂಳು ಕುಳಿತಿರುತ್ತದೆ, ಕಡಿದ ಹಸಿ ಕೊಂಬೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಡಿಸೆಂಬರಿನ ಒಣ ಚಳಿಯಲ್ಲಿ ಕಿಟಕಿ ಮುಚ್ಚಿದ ಮನೆಯೊಳಗೆ ಇವೆಲ್ಲ ಒಟ್ಟಾಗುತ್ತವೆ. ಗಿಡವನ್ನು ಅಂಗಳದಲ್ಲೇ ಒದ್ದೆ ಬಟ್ಟೆಯಿಂದ ಒರೆಸಿ ಒಳತರಬೇಕು, ಹಸಿ ಕೊಂಬೆಯನ್ನು ಒಂದು ವಾರಕ್ಕಿಂತ ಹೆಚ್ಚು ಇಡಬಾರದು. ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು. ದಮ್ಮಿನ ರೋಗಿಯ ಮಲಗುವ ಕೋಣೆಗೆ ಬೆಕ್ಕನ್ನು ಬಿಡಬಾರದು. ಇನ್‌ಹೇಲರ್ ಬಳಸುವವರು ಹಬ್ಬದ ಗಡಿಬಿಡಿಯಲ್ಲಿ ಅದನ್ನು ತಪ್ಪಿಸಬಾರದು.

ಪ್ರಶ್ನೆ: ಗರ್ಭಿಣಿ ಇರುವ ಮನೆಯಲ್ಲಿ ಏನು ಎಚ್ಚರ?

ಉತ್ತರ: ಗಾಳಿಮರದ ಕೊಂಬೆಯನ್ನು ಮರಳು ತುಂಬಿದ ಬಕೆಟ್ಟಿನಲ್ಲೋ ಎಣ್ಣೆಯ ಡಬ್ಬದಲ್ಲೋ ನಿಲ್ಲಿಸುವುದು ರೂಢಿ. ಬೆಕ್ಕಿಗೆ ಆ ಮರಳು ಪಾಯಖಾನೆ. ಟಾಕ್ಸೊಪ್ಲಾಸ್ಮಾ ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಆ ಪರೋಪಜೀವಿಯ ಮೊಟ್ಟೆಯಂಥ ಕೋಶಗಳು ಬೀಳುತ್ತವೆ, ಅವು ಸೋಂಕು ಹರಡುವಷ್ಟು ಬಲಿಯಲು 1ರಿಂದ 5 ದಿನ ಬೇಕು. ಗರ್ಭಿಣಿಗೆ ಹೊಸದಾಗಿ ಈ ಸೋಂಕು ತಗುಲಿದರೆ ಮಗುವಿನ ಕಣ್ಣಿಗೂ ಮಿದುಳಿಗೂ ಹಾನಿಯಾಗಬಹುದು. ಇದಕ್ಕಾಗಿ ಬೆಕ್ಕನ್ನು ಮನೆಯಿಂದ ಓಡಿಸಬೇಕಾಗಿಲ್ಲ. ಬೆಕ್ಕಿನ ಮಲವನ್ನು ದಿನವೂ ತೆಗೆಯಬೇಕು, ಆ ಕೆಲಸ ಬೇರೆಯವರು ಮಾಡಬೇಕು. ಬಕೆಟ್ಟಿನ ಮರಳಿನ ಮೇಲೆ ದೊಡ್ಡ ಕಲ್ಲುಗಳನ್ನು ಒತ್ತಾಗಿ ಜೋಡಿಸಿದರೆ ಬೆಕ್ಕು ಕೆದರುವುದಿಲ್ಲ, ಬುಡಕ್ಕೂ ಭಾರ ಸಿಗುತ್ತದೆ. ಅರೆಬೆಂದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಈ ಸೋಂಕು ಬರುತ್ತದೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ಗಿಡದಿಂದ ಇಳಿಸುವಾಗ ಬೆಕ್ಕು ಕಚ್ಚಿದರೆ, ಪರಚಿದರೆ?

ಉತ್ತರ: ಗಾಯವನ್ನು ಕೂಡಲೇ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬಾರದು. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ, ಬಂದ ಮೇಲೆ ಬದುಕಿಸುವ ಔಷಧಿಯಿಲ್ಲ. ರಕ್ತ ಬರದ ಸಣ್ಣ ಪರಚು ಗಾಯಕ್ಕೂ ಲಸಿಕೆ ಬೇಕಾಗುತ್ತದೆ, ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೂಡ. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ (0), ನಂತರ 3, 7, 28ನೇ ದಿನ ಹಾಕುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 14ನೇ ದಿನವೂ ಸೇರಿ ಐದು ಸಲ. ಸರಕಾರಿ ಆಸ್ಪತ್ರೆಗಳಲ್ಲಿ ಲಸಿಕೆ ಸಿಗುತ್ತದೆ. ಕಚ್ಚಿದ ಬೆಕ್ಕನ್ನು 10 ದಿನ ಗಮನಿಸಬೇಕು, ಆದರೆ ಅದಕ್ಕಾಗಿ ಲಸಿಕೆ ಆರಂಭಿಸುವುದನ್ನು ತಡಮಾಡಬಾರದು.

ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಒಂದೇ ದಿನದಲ್ಲಿ ಗಾಯ ಕೆಂಪಾಗಿ ಬಾತು ಕೀವು ಕಟ್ಟಬಹುದು. ಕೈಬೆರಳು, ಕೀಲಿನ ಬಳಿ ಕಚ್ಚಿದ್ದರೆ, ಮಧುಮೇಹವಿದ್ದರೆ ವೈದ್ಯರನ್ನು ಕಾಣಲು ತಡಮಾಡುವಂತಿಲ್ಲ. ಧನುರ್ವಾಯು ಚುಚ್ಚುಮದ್ದಿನ ಅವಧಿಯನ್ನೂ ನೋಡಿಕೊಳ್ಳಬೇಕು. ಮನೆಯ ಬೆಕ್ಕಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಪುನರಾವರ್ತಿಸಬೇಕು.

ಪ್ರಶ್ನೆ: ಗಿಡ, ಬೆಕ್ಕು ಎರಡೂ ಒಂದೇ ಮನೆಯಲ್ಲಿರಲು ಏನೇನು ವ್ಯವಸ್ಥೆ ಮಾಡಬೇಕು?

ಉತ್ತರ: ಗಿಡವನ್ನು ಸೋಫಾ, ಕಪಾಟು, ಕಿಟಕಿಕಟ್ಟೆಗಳಿಂದ ದೂರವಿಡಬೇಕು, ಬೆಕ್ಕು ಜಿಗಿಯುವುದು ಅಲ್ಲಿಂದಲೇ. ತುದಿಯನ್ನು ಗಟ್ಟಿ ನೈಲಾನ್ ಹಗ್ಗದಿಂದ ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಬೇಕು. ಮೊದಲ ಕೆಲವು ದಿನ ಅಲಂಕಾರವಿಲ್ಲದೆ ಬಿಟ್ಟರೆ ಬೆಕ್ಕಿಗೆ ಅದರ ವಾಸನೆ ಹಳತಾಗುತ್ತದೆ. ಅಲಂಕಾರವನ್ನು ಮೇಲಿನ ಎರಡು ಪಾಲಿಗೆ ಮಾತ್ರ ಕಟ್ಟಿ, ಕೆಳಗಿನ ಒಂದು ಪಾಲನ್ನು ಬರಿದೇ ಬಿಡಬೇಕು. ಬುಡದ ಸುತ್ತ ಕಿತ್ತಳೆ, ಮೋಸಂಬಿ ಸಿಪ್ಪೆ ಇಟ್ಟರೆ ಅನೇಕ ಬೆಕ್ಕುಗಳು ಹತ್ತಿರ ಸುಳಿಯುವುದಿಲ್ಲ. ಸುವಾಸನೆಯ ಎಣ್ಣೆ ಸಿಂಪಡಿಸುವುದು ಬೇಡ, ಮೈಗೆ ತಾಗಿದರೆ ಬೆಕ್ಕಿಗೆ ವಿಷ.

ಬೆಕ್ಕಿಗೆ ತನ್ನದೇ ಎತ್ತರವೂ ಬೇಕು. ಕಟ್ಟಿಗೆಯ ಕಂಬಕ್ಕೆ ತೆಂಗಿನ ನಾರಿನ ಹಗ್ಗ ಅಥವಾ ಗೋಣಿತಟ್ಟು ಬಿಗಿದು ನಿಲ್ಲಿಸಿದರೆ ಅಲ್ಲೇ ಉಗುರು ಹರಿತ ಮಾಡಿಕೊಳ್ಳುತ್ತದೆ. ಸಂಜೆ ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಆಟವಾಡಿಸಿದರೆ ರಾತ್ರಿ ಗಿಡದ ತಂಟೆ ಕಡಿಮೆ. ಮನೆಯವರು ಮಲಗುವಾಗ, ಹೊರಗೆ ಹೋಗುವಾಗ ಗಿಡವಿರುವ ಕೋಣೆಯ ಬಾಗಿಲು ಹಾಕಬೇಕು.

ಪ್ರಶ್ನೆ: ತುರ್ತು ಬಂದರೆ ಎಲ್ಲಿಗೆ ಹೋಗಬೇಕು?

ಉತ್ತರ: ಹುಬ್ಬಳ್ಳಿ, ಧಾರವಾಡ ಎರಡರಲ್ಲೂ ಸರಕಾರಿ ಪಶು ಆಸ್ಪತ್ರೆಗಳಿವೆ, ಖಾಸಗಿ ಪಶುವೈದ್ಯರೂ ಇದ್ದಾರೆ. ಹತ್ತಿರದ ಗದಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೆಬ್ಬಳ್ಳಿಯಂಥ ಹಳ್ಳಿಗಳವರು ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ವಿಚಾರಿಸಬಹುದು. ಹಬ್ಬದ ದಿನ ಬಾಗಿಲು ತೆರೆದಿರುವ ವೈದ್ಯರು ಯಾರೆಂದು ಮೊದಲೇ ಕೇಳಿ ಫೋನ್ ನಂಬರ್ ಗೋಡೆಗೆ ಹಚ್ಚಿಡಬೇಕು. ಬೆಕ್ಕನ್ನು ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಬೇಕು, ಅದು ತಿಂದ ವಸ್ತುವಿನ ಉಳಿದ ತುಂಡು, ಎಲೆ ಅಥವಾ ಮಾತ್ರೆಯ ಪಟ್ಟಿಯನ್ನೂ ಜೊತೆಗೆ ಒಯ್ಯಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು.

ಪ್ರಶ್ನೆ: ಹಬ್ಬ ಮುಗಿದ ಮೇಲೆ?

ಉತ್ತರ: ಅನೇಕ ಮನೆಗಳಲ್ಲಿ ಗಿಡ ಜನವರಿ 6ರವರೆಗೆ ಇರುತ್ತದೆ. ಬಿಚ್ಚುವ ದಿನ ಬೆಕ್ಕನ್ನು ಬೇರೆ ಕೋಣೆಯಲ್ಲಿಡಬೇಕು. ದಾರ, ಕೊಕ್ಕೆ, ಗಾಜಿನ ಚೂರು, ಉದುರಿದ ಪ್ಲಾಸ್ಟಿಕ್ ಎಲೆಗಳನ್ನು ಸೋಫಾದ ಕೆಳಗೂ ಹುಡುಕಿ ತೆಗೆದು, ಮುಚ್ಚಳವಿರುವ ಕಸದ ಡಬ್ಬಿಗೆ ಹಾಕಬೇಕು. ಗಿಡವನ್ನು ಒರೆಸಿ, ನುಸಿಗುಳಿಗೆ ಇಲ್ಲದೆ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಮುಂದಿನ ವರ್ಷ ದೂಳಿನ ಕಾಟವೂ ಕಡಿಮೆ, ವಿಷದ ಭಯವೂ ಇಲ್ಲ.