ಪಿಯುಸಿ ನಂತರ ಕಾಲೇಜು ಆಯ್ಕೆ: ಹತ್ತಿರದಲ್ಲೇ ಇರುವ ಒಳ್ಳೆಯ ಅವಕಾಶಗಳು



ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ಮನೆಯಲ್ಲಿ ಒಂದೇ ಮಾತು: ಮುಂದೆ ಯಾವ ಕಾಲೇಜು? ಜಾಹೀರಾತು ನೋಡಿ, ನೆಂಟರ ಮಾತು ಕೇಳಿ ತೀರ್ಮಾನಿಸುವವರೇ ಹೆಚ್ಚು. ನಮ್ಮ ಭಾಗಕ್ಕೆ ಇನ್ನೊಂದು ಕಷ್ಟವೂ ಇದೆ. ಕಾಲೇಜಿಗೆ ಹಣ ಕಟ್ಟಬೇಕಾದದ್ದು ಜೂನ್-ಜುಲೈನಲ್ಲಿ. ಹೊಗೆಸೊಪ್ಪಿನ ಹರಾಜು ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ. ನಡುವೆ ಬಡ್ಡಿಗೆ ಸಾಲ ತಂದು ದೊಡ್ಡ ಹೆಸರಿನ ಕಾಲೇಜಿಗೆ ಡೊನೇಷನ್ ಕಟ್ಟುತ್ತೇವೆ. ಅಣ್ಣನ ಶುಲ್ಕದ ಭಾರಕ್ಕೆ ತಂಗಿಯ ಓದು ನಿಂತುಹೋಗುವುದೂ ಉಂಟು.

ಆದರೆ ಕಡಿಮೆ ಖರ್ಚಿನ ಒಳ್ಳೆಯ ಸಂಸ್ಥೆಗಳು ನಮ್ಮ ಜಿಲ್ಲೆಯಲ್ಲೇ ಇವೆ.

1. ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಮೈಸೂರು: ಎನ್‌ಸಿಇಆರ್‌ಟಿಗೆ ಸೇರಿದ್ದು, 1963ರಲ್ಲಿ ಆರಂಭವಾಯಿತು. ಪದವಿ ಮತ್ತು ಬಿ.ಇಡ್ ಎರಡೂ ಸೇರಿ ನಾಲ್ಕೇ ವರ್ಷ. ಬೇರೆ ಬೇರೆಯಾಗಿ ಓದಿದರೆ ಐದು ವರ್ಷ ಬೇಕು. ಶಿಕ್ಷಕರಾಗಬೇಕೆನ್ನುವವರು ಮರೆಯಬಾರದ ಹೆಸರು.

2. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಮೈಸೂರು: 1965ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ. ಮಾತು ಮತ್ತು ಶ್ರವಣ ದೋಷಗಳ ಚಿಕಿತ್ಸೆ ಕಲಿಸುವ ಪದವಿ ಇಲ್ಲಿದೆ. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕೊರಗುವ ವಿಜ್ಞಾನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

3. ಯುವರಾಜ ಕಾಲೇಜು: 1928ರಿಂದ ವಿಜ್ಞಾನ ಕಲಿಸುತ್ತಿರುವ, ಮೈಸೂರು ವಿಶ್ವವಿದ್ಯಾನಿಲಯದ ಸ್ವಾಯತ್ತ ಕಾಲೇಜು. ಕಲಾ ವಿಭಾಗದವರಿಗೆ ಮಹಾರಾಜ ಕಾಲೇಜು ಇದೆ. ರಾಧಾಕೃಷ್ಣನ್ ಪಾಠ ಹೇಳಿದ, ಕುವೆಂಪು ಓದಿದ ಕಾಲೇಜು ಅದು.

4. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು: ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ಕೆ.ಆರ್. ನಗರ ನಾಲ್ಕೂ ಕಡೆ ಇವೆ. ಬಸ್ ಪಾಸ್ ಮಾಡಿಸಿ ಮನೆಯಿಂದಲೇ ಓಡಾಡಬಹುದು.

ಮೊದಲೆರಡು ಸಂಸ್ಥೆಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇದೆ. ಆದ್ದರಿಂದ ದ್ವಿತೀಯ ಪಿಯುಸಿ ಓದುವಾಗಲೇ ಅರ್ಜಿಯ ಪ್ರಕಟಣೆ ಗಮನಿಸುತ್ತಿರಬೇಕು. ಫಲಿತಾಂಶ ಬಂದ ಮೇಲೆ ವಿಚಾರಿಸಿದರೆ ಅವಕಾಶ ಕೈತಪ್ಪಬಹುದು.

ಯಾವ ಕಾಲೇಜಾದರೂ ಸೇರುವ ಮುನ್ನ ಹೋಗಿ ಇವನ್ನು ಕೇಳಿ:

• ಹಾಸ್ಟೆಲ್, ಪರೀಕ್ಷಾ ಶುಲ್ಕ ಸೇರಿ ಕೋರ್ಸ್ ಮುಗಿಯುವವರೆಗೆ ಒಟ್ಟು ಖರ್ಚೆಷ್ಟು?
• ಈ ಕೋರ್ಸಿಗೆ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆಯೇ?
• ನಿಮ್ಮ ವಿಷಯಕ್ಕೆ ಅಧ್ಯಾಪಕರು ಎಷ್ಟು ಜನ? ಪ್ರಯೋಗಾಲಯ ನಿಜವಾಗಿ ನಡೆಯುತ್ತಿದೆಯೇ?
• ಕಳೆದ ವರ್ಷ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಇದನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಹಿರಿಯ ವಿದ್ಯಾರ್ಥಿಗಳನ್ನೇ ಕೇಳುವುದು ಮೇಲು.

ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆ ಇದೆ. ಆದರೆ ಅದು ಸಾಲ, ತೀರಿಸಬೇಕು ಎಂಬುದು ನೆನಪಿರಲಿ. ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ಇಂದು ಸಂಜೆ ತಂದೆ-ತಾಯಿಯ ಜೊತೆ ಕುಳಿತು ಒಂದು ಹಾಳೆಯಲ್ಲಿ ಮೂರು ಕಾಲೇಜಿನ ಹೆಸರು, ಪಕ್ಕದಲ್ಲಿ ಒಟ್ಟು ಖರ್ಚು ಬರೆಯಿರಿ. ಆ ಹಾಳೆ ಹಿಡಿದು ನಿಮ್ಮ ಉಪನ್ಯಾಸಕರ ಬಳಿ ಬನ್ನಿ.