ಡ್ಯಾನ್ಯೂಬ್ ದಂಡೆಗೆ ಹೊರಡುವ ಸೈಕಲ್ ಗೆಳೆಯರಿಗೆ

ವೇದಾವತಿ ನದಿಗೆ ಕಟ್ಟಿದ ಭೈರವಾನಿತಿಪ್ಪದ ಅಣೆಕಟ್ಟೆ ಆಂಧ್ರದ ರಾಯದುರ್ಗ, ಕರ್ನಾಟಕದ ಚಳ್ಳಕೆರೆ ಎರಡೂ ಕಡೆಯ ಸೈಕಲ್ ಗೆಳೆಯರು ಕೂಡಿಕೊಳ್ಳುವ ಜಾಗ. ಅಲ್ಲಿ ಈಚೆಗೆ ಯುರೋಪಿನ ಮಾತೇ ಹೆಚ್ಚು. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ಪಕ್ಕದಲ್ಲೇ ಸುಮಾರು 300 ಕಿ.ಮೀ. ಸೈಕಲ್ ದಾರಿಯಿದೆ. ಹೋಗಿಬಂದವರನ್ನು ಏನು ಕೇಳಬೇಕು, ಹೊರಟವರಿಗೆ ಏನು ಹೇಳಬೇಕು ಎಂಬುದನ್ನು ವೇದಾವತಿ ದಂಡೆಯ ತಿರುಗಾಟವೇ ನನಗೆ ಕಲಿಸಿದೆ.

1. ಮೊದಲು ಗಾಳಿಯ ವಿಚಾರ ಕೇಳಿ. ಎಲ್ಲರೂ ಕೇಳುವುದು ಎಷ್ಟು ಕಿಲೋಮೀಟರ್ ಎಂದು. ಅದರಿಂದ ತಿಳಿಯುವುದು ಕಡಿಮೆ. ಆಷಾಢದಲ್ಲಿ ಚಳ್ಳಕೆರೆ ಕಡೆಯಿಂದ ಬರುವವರನ್ನು ಗಾಳಿಯೇ ತಳ್ಳಿಕೊಂಡು ಬರುತ್ತದೆ. ಹಿಂದಿರುಗುವಾಗ ಅದೇ ಗಾಳಿ ಎದೆಗೆ ಒತ್ತಿ ನಿಲ್ಲಿಸುತ್ತದೆ. ಈ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದೂ ಅದಕ್ಕೇ. ಡ್ಯಾನ್ಯೂಬ್ ಕಣಿವೆಯಲ್ಲಿ ಹೆಚ್ಚಾಗಿ ಬೀಸುವುದು ಪಡುವಣ ಗಾಳಿ, ನದಿ ಹರಿಯುವುದು ಮೂಡಣಕ್ಕೆ. ಆದ್ದರಿಂದ ಪಸ್ಸಾವ್‌ನಿಂದ ಹೊರಟು ವಿಯೆನ್ನಾದಲ್ಲಿ ಮುಗಿಸಿ. ವಿಮಾನದ ಟಿಕೆಟ್ ತೆಗೆಸುವಾಗಲೇ ಮ್ಯೂನಿಕ್‌ಗೆ ಇಳಿದು ವಿಯೆನ್ನಾದಿಂದ ಹಿಂದಿರುಗುವಂತೆ ನೋಡಿಕೊಳ್ಳಿ.

2. ನದಿಯ ಈ ವಾರದ ಸುದ್ದಿ ಬೇಕು, ಹೋದ ವರ್ಷದ್ದಲ್ಲ. ಮರಳೇ ಕಾಣುವ ವೇದಾವತಿಯನ್ನು ನೋಡಿದವರಿಗೆ ಪ್ರವಾಹ ನಂಬಲಾಗದ ಮಾತು. ಆದರೆ ಅದೇ ನದಿಯ ಮೇಲ್ಭಾಗದ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿತ್ತು. ಪಸ್ಸಾವ್‌ನಲ್ಲಿ 2013ರ ಜೂನ್‌ನಲ್ಲಿ ಹಳೇ ಪಟ್ಟಣದ ಬೀದಿಗಳೆಲ್ಲ ಮುಳುಗಿದ್ದವು. ದಾರಿ ನದಿಗೆ ಅಂಟಿಕೊಂಡಿರುವುದರಿಂದ ನೆರೆ ಬಂದರೆ ಮೊದಲು ಮುಚ್ಚುವುದು ಅದೇ.

3. ಅಲ್ಲಿ ವಾಹನಗಳು ಬಲಕ್ಕೆ ಓಡುತ್ತವೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇದು: ಜರ್ಮನಿ, ಆಸ್ಟ್ರಿಯಗಳಲ್ಲಿ ಸಿಗ್ನಲ್ಲೂ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ನೀವು ಅಗಲ ರಸ್ತೆಯಲ್ಲಿದ್ದು ಅವರು ಓಣಿಯಿಂದ ಬಂದರೂ ಅಷ್ಟೇ. ಇದು ಜೀವದ ಪ್ರಶ್ನೆ, ಎರಡು ಸಲ ಹೇಳಿ.

4. ಪಂಚರ್ ಹಾಕುವುದನ್ನು ಇಲ್ಲೇ ಕಲಿಯಿರಿ. ಬಳ್ಳಾರಿ ಜಾಲಿ, ನೆಗ್ಗಿಲು ಮುಳ್ಳುಗಳಿಗಿಂತ ಒಳ್ಳೆಯ ಗುರುಗಳು ಸಿಗುವುದಿಲ್ಲ. ಟೈರಿನ ಒಳಮೈಯಲ್ಲಿ ಬೆರಳಾಡಿಸಿ, ಮುರಿದು ಉಳಿದ ಮುಳ್ಳಿನ ತುದಿ ತೆಗೆದ ಮೇಲೆಯೇ ಟ್ಯೂಬ್ ಹಾಕಬೇಕು. ಬಾಡಿಗೆ ಸೈಕಲ್ ಹಿಡಿಯುವವರು ವಾಲ್ವ್ ನೋಡಿ. ನಮ್ಮ ಹಳ್ಳಿಯ ಸೈಕಲ್ಲಿನ ಡನ್ಲಪ್ ವಾಲ್ವ್ ಹಾಲೆಂಡ್, ಜರ್ಮನಿಯ ಊರೊಳಗಿನ ಸೈಕಲ್‌ಗಳಲ್ಲಿ ಇವತ್ತಿಗೂ ಇದೆ. ದೂರ ಹೋಗುವ ಗೇರ್ ಸೈಕಲ್‌ಗಳಿಗೆ ಹೆಚ್ಚಾಗಿ ಸಣ್ಣ ಬಾಯಿಯ ಪ್ರೆಸ್ಟಾ. ಪಂಪ್ ಅದಕ್ಕೆ ಹೊಂದಬೇಕು.

5. ಭಾನುವಾರ ಅಲ್ಲಿ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಶನಿವಾರವೇ ಬ್ರೆಡ್ಡು, ಹಣ್ಣು ಕೊಳ್ಳಿ. ಅನಂತಪುರದ ಶೇಂಗಾ ಚಿಕ್ಕಿ ಚೀಲದಲ್ಲಿರಲಿ. ತುಪ್ಪ, ಪೇಡ ಬೇಡ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ತರಲು ಯುರೋಪ್ ಒಕ್ಕೂಟ ಬಿಡುವುದಿಲ್ಲ.

6. ಯುರೋಪಿನಿಂದ ತರಬೇಕಾದದ್ದೂ ಒಂದಿದೆ. ಬೆಲ್ಜಿಯಂನ ಗಣಿ ಇಂಜಿನಿಯರ್ ಹ್ಯೂಗೊ ಬೊಲ್ಲೆನ್ ಸೈಕಲ್ ದಾರಿಗಳ ಕೂಡುಜಾಗಗಳಿಗೆ ಒಂದೊಂದು ಸಂಖ್ಯೆ ಕೊಡುವ ಕ್ರಮ ರೂಪಿಸಿದರು. 1995ರಲ್ಲಿ ಅಲ್ಲಿನ ಲಿಂಬರ್ಗ್ ಪ್ರಾಂತದಲ್ಲಿ ಶುರುವಾದ ಅದು ಹಾಲೆಂಡಿಗೂ ಹಬ್ಬಿತು. ಭಾಷೆ ಬಾರದವರು ನಾಲ್ಕಾರು ಸಂಖ್ಯೆ ಬರೆದಿಟ್ಟುಕೊಂಡರೆ ದಿನವಿಡೀ ತುಳಿಯಬಹುದು. ನಮ್ಮ ಗಡಿಗೂ ಇದು ಬೇಕು. ಮಡಕಶಿರಾ ಕಡೆಯ ಹೇಮಾವತಿಯ ನೊಳಂಬರ ಗುಡಿಗಳು, ಭೈರವಾನಿತಿಪ್ಪದ ಕಟ್ಟೆ, ಮೊಳಕಾಲ್ಮೂರು ಕಡೆಯ ಬ್ರಹ್ಮಗಿರಿಯ ಅಶೋಕನ ಶಾಸನ ಇವನ್ನು ಹಳ್ಳಿ ದಾರಿಗಳಿಂದಲೇ ಜೋಡಿಸಬಹುದು. ಆಂಧ್ರದ ಫಲಕ ತೆಲುಗಿನಲ್ಲಿ, ಕರ್ನಾಟಕದ್ದು ಕನ್ನಡದಲ್ಲಿ. ಸಂಖ್ಯೆಗಳನ್ನು ಎರಡೂ ಕಡೆಯವರು ಓದುತ್ತಾರೆ. ಎರಡೂ ಸರ್ಕಾರಗಳ ಪ್ರವಾಸೋದ್ಯಮ ಇಲಾಖೆಗಳು ಈ ಕೆಲಸ ಕೈಗೆತ್ತಿಕೊಳ್ಳಲಿ.

7. ಶೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆಗೆ ಹೋಗುವವರು ಸಂಕ್ರಾಂತಿ ಕಳೆಯುತ್ತಲೇ ಹಾಕಿಬಿಡಿ.