ನೆಲಕ್ಕೆ ತಕ್ಕ ಟಯರು

ಚಳ್ಳಕೆರೆಯಿಂದ ತಳಕಿನ ಮೇಲೆ ಬಳ್ಳಾರಿಯ ಕಡೆಗೆ ಸಾಗುವ ಡಾಂಬರು ರಸ್ತೆಯಲ್ಲಿ ಸೈಕಲ್ಲು ತುಳಿಯುವುದು ಸುಖದ ಕೆಲಸ. ಆದರೆ ಮೊಳಕಾಲ್ಮುರಿನತ್ತ ತಿರುಗಿ, ಅಶೋಕನ ಶಾಸನವಿರುವ ಬ್ರಹ್ಮಗಿರಿಯನ್ನೋ ಜಟಿಂಗ ರಾಮೇಶ್ವರದ ಬೆಟ್ಟವನ್ನೋ ನೋಡಬೇಕೆಂದು ಹೊಲದ ದಾರಿಯನ್ನು ಹಿಡಿದೆವೆಂದರೆ ನೆಲದ ಗುಣವೇ ಬದಲಾಗುತ್ತ ಹೋಗುತ್ತದೆ. ಒಂದೆಡೆ ಕೆಂಪು ನೆಲದ ಮೇಲೆ ಸಡಿಲವಾದ ಮರಳು, ಇನ್ನೊಂದೆಡೆ ಎರೆಮಣ್ಣು, ಬೆಟ್ಟದ ಬುಡದಲ್ಲಿ ಬೋಳು ಬಂಡೆ. ಇವೆಲ್ಲಕ್ಕೂ ಒಪ್ಪುವ ಟಯರು ಉಂಟೆ?

ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವನು ಒಬ್ಬ ವಿದ್ಯಾರ್ಥಿ. ಶೇಂಗಾ ಮಾರಿದ ಹಣದಲ್ಲಿ ಮನೆಯವರು ಅವನಿಗೆ ಬೆಟ್ಟದ ಸೈಕಲ್ಲೊಂದನ್ನು ಕೊಡಿಸಿದ್ದರು. ಟಯರಿನ ಮೈತುಂಬ ಎದ್ದುನಿಂತ ರಬ್ಬರಿನ ಗುಬುಟುಗಳು. ನೋಟಕ್ಕೆ ಬಲು ಗಂಭೀರ. ಆದರೆ ಕಾಲೇಜಿಗೆ ಬರುವ ಹತ್ತು ಕಿಲೊಮೀಟರಿನ ಡಾಂಬರು ದಾರಿಯಲ್ಲಿ ತಂದೆಯ ಹಳೆಯ ಸೈಕಲ್ಲಿಗಿಂತ ಇದನ್ನು ತುಳಿಯುವುದೇ ಹೆಚ್ಚು ಆಯಾಸವೆಂದು ಅವನ ದೂರು. ದೂರು ನಿಜವಾದುದೇ. ಕಾರಣವನ್ನು ನೋಡೋಣ.

ನೆಲವನ್ನು ಮುಟ್ಟಿದ ಕಡೆ ಟಯರು ಚಪ್ಪಟೆಯಾಗುತ್ತದೆ. ಚಕ್ರ ಮುಂದೆ ಉರುಳಿದೊಡನೆ ಆ ಭಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ರಬ್ಬರು ಪೂರ್ಣ ಸ್ಥಿತಿಸ್ಥಾಪಕ ವಸ್ತುವಾಗಿದ್ದರೆ, ಬಗ್ಗುವಾಗ ಪಡೆದ ಶಕ್ತಿಯನ್ನೆಲ್ಲ ಹಿಂದಕ್ಕೆ ಕೊಟ್ಟುಬಿಡುತ್ತಿತ್ತು. ಹಾಗಾಗುವುದಿಲ್ಲ, ಒಂದು ಪಾಲು ಉಷ್ಣವಾಗಿ ನಷ್ಟವಾಗುತ್ತದೆ. ಇದೇ ಉರುಳುವಿಕೆಗೆ ಒದಗುವ ತಡೆಯ ಮುಖ್ಯ ಮೂಲ. ಡಾಂಬರಿನ ಮೇಲೆ ಪ್ರತಿಯೊಂದು ಗುಬುಟೂ ಬಾಗಿ ನಿಮಿರಬೇಕಾದುದರಿಂದ ನಷ್ಟ ಇನ್ನೂ ಹೆಚ್ಚು.

ಸವಾರನೂ ಸೈಕಲ್ಲೂ ಸೇರಿ 75 ಕಿಲೊಗ್ರಾಂ ಎಂದಿಟ್ಟುಕೊಳ್ಳೋಣ. ಭಾರ ಸುಮಾರು 735 ನ್ಯೂಟನ್. ನುಣುಪು ಟಯರಿನ ಉರುಳುತಡೆಯ ಗುಣಾಂಕ 0.006, ಗುಬುಟಿನದು 0.014 ಎಂದು ಹಿಡಿದರೆ, ತಡೆಯ ಬಲಗಳು ಕ್ರಮವಾಗಿ 4.4 ಮತ್ತು 10.3 ನ್ಯೂಟನ್. ಗಂಟೆಗೆ 18 ಕಿಲೊಮೀಟರು, ಎಂದರೆ ಸೆಕೆಂಡಿಗೆ 5 ಮೀಟರು ವೇಗದಲ್ಲಿ, ಒಂದಕ್ಕೆ 22 ವ್ಯಾಟು ಸಾಕು. ಇನ್ನೊಂದಕ್ಕೆ 51 ವ್ಯಾಟು ಬೇಕು. ಸಾಮಾನ್ಯ ತರುಣನೊಬ್ಬ ಬಹಳ ಹೊತ್ತು ಒದಗಿಸಬಲ್ಲ ಸಾಮರ್ಥ್ಯವೇ 100 ವ್ಯಾಟಿನ ಆಸುಪಾಸು. ಅದರಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಟಯರೇ ಹೆಚ್ಚಾಗಿ ನುಂಗಿದರೆ ಹುಡುಗ ಏದುಸಿರು ಬಿಡದೆ ಏನು ಮಾಡಿಯಾನು!

ಇನ್ನು ತೂಕ. ಅಂಗಡಿಯವರು ಹೆಚ್ಚಾಗಿ ಹೊಗಳುವುದು ಇದನ್ನೇ. ಒಂದೊಂದು ಟಯರಿನಲ್ಲಿ 300 ಗ್ರಾಂ ಉಳಿಸಿದೆವೆನ್ನಿ; ಒಟ್ಟು 0.6 ಕಿಲೊಗ್ರಾಂ. 100 ಮೀಟರು ಎತ್ತರ ಏರುವಾಗ ಇದರಿಂದ ಉಳಿಯುವ ಕೆಲಸ 588 ಜೂಲ್. ಮೇಲೆ ಹೇಳಿದ ಉರುಳುತಡೆಯ ವ್ಯತ್ಯಾಸವಾದರೋ 10 ಕಿಲೊಮೀಟರಿನಲ್ಲಿ 58,800 ಜೂಲ್, ಅದರ ನೂರರಷ್ಟು. ಚಕ್ರದ ಅಂಚಿನ ವಸ್ತು ಮುಂದೆಯೂ ಚಲಿಸಬೇಕು, ಸುತ್ತಲೂ ಬೇಕು. ಆದುದರಿಂದ ವೇಗವನ್ನು ಏರಿಸುವಾಗ ಅದು ಇಮ್ಮಡಿ ಲೆಕ್ಕಕ್ಕೆ ಬರುತ್ತದೆಂಬುದು ನಿಜ. ಆದರೂ ನಿಂತ ಸೈಕಲ್ಲನ್ನು ಮೇಲಿನ ವೇಗಕ್ಕೆ ತರುವಾಗ ಆ 0.6 ಕಿಲೊಗ್ರಾಮಿಗೆ ತಗಲುವ ಶಕ್ತಿ 15 ಜೂಲ್ ಮಾತ್ರ. ಸ್ಪರ್ಧಿಗಳಲ್ಲದವರು ಹಗುರ ಟಯರಿಗೆ ಹೆಚ್ಚು ಹಣ ತೆರುವುದು ನಮಗೆ ಜಾಣತನವಾಗಿ ಕಾಣುವುದಿಲ್ಲ.

ಹಿಡಿತದ ವಿಷಯ ಇಷ್ಟು ಸುಲಭವಲ್ಲ. ಘರ್ಷಣೆಯು ಸ್ಪರ್ಶಕ್ಷೇತ್ರವನ್ನು ಅವಲಂಬಿಸಿಲ್ಲವೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ರಬ್ಬರು ಈ ನಿಯಮಕ್ಕೆ ಅಷ್ಟಾಗಿ ವಿಧೇಯವಲ್ಲ. ಅದು ನೆಲದ ಸಣ್ಣ ಉಬ್ಬುತಗ್ಗುಗಳನ್ನು ಅಪ್ಪಿಕೊಳ್ಳುತ್ತದೆ. ಒತ್ತಡ ಕಡಮೆಯಾದಷ್ಟೂ ಹರಡಿಕೊಂಡು ಅಪ್ಪುತ್ತದೆ. ಹಿಂದಿನ ಚಕ್ರದ ಮೇಲೆ 45 ಕಿಲೊಗ್ರಾಂ ಭಾರವಿದ್ದು, ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 4 ಕಿಲೊಗ್ರಾಂ ಇದ್ದರೆ ಸ್ಪರ್ಶಕ್ಷೇತ್ರ ಸುಮಾರು 11 ಚದರ ಸೆಂಟಿಮೀಟರು. ಒತ್ತಡವನ್ನು 2ಕ್ಕೆ, ಅಂದರೆ ಅಂಗಡಿಯ ಮಾಪಕದ ಸುಮಾರು 28 ಪೌಂಡಿಗೆ, ಇಳಿಸಿದರೆ 22ಕ್ಕೂ ಮಿಗಿಲು. ನುಣುಪು ಟಯರಿಗೆ ಮಸಿ ಬಳಿದು, ಕಾಗದದ ಮೇಲೆ ಅಚ್ಚು ತೆಗೆದು ವಾಚಕರು ಇದನ್ನು ಅಳೆದು ನೋಡಬಹುದು.

ಸಡಿಲ ಮರಳಿನಲ್ಲಿ ಅಗಲವಾದ ಟಯರು ಹೂತುಹೋಗದೆ ತೇಲುತ್ತದೆ. ಎರೆಮಣ್ಣು ತೊಯ್ದಾಗ ಗುಬುಟುಗಳ ನಡುವೆ ಮೆತ್ತಿಕೊಂಡು ಟಯರನ್ನೇ ಉಂಡೆಯಾಗಿಸುತ್ತದೆ. ಅಲ್ಲಿ ಗುಬುಟುಗಳು ದೂರದೂರ ಇರಬೇಕು. ಬರಿಯ ಬಂಡೆಗೆ ಮೆತು ರಬ್ಬರು ಉತ್ತಮ. ಆದರೆ ಬಂಡೆಯ ಮೇಲೆ ಚೆಲ್ಲಿದ ಗರಸು ಚಕ್ರದಡಿ ಗುಂಡುಗಳಂತೆ ಉರುಳುತ್ತದೆ. ಬ್ರಹ್ಮಗಿರಿಯ ಬುಡದಲ್ಲಿ ಇಂಥದೊಂದು ಇಳಿಜಾರಿನಲ್ಲಿ ನಮ್ಮ ಮುಂದಿನ ಚಕ್ರ ಜಾರಿ, ಮೊಳಕೈಯ ಚರ್ಮವನ್ನು ಅಲ್ಲಿಯೇ ಬಿಟ್ಟುಬಂದೆವು. ಹಿಂದಿನ ಚಕ್ರ ಜಾರಿದರೆ ಸವಾರ ಬಹುಮಟ್ಟಿಗೆ ಸಾವರಿಸಿಕೊಳ್ಳಬಲ್ಲ. ಮುಂದಿನದು ಜಾರಿದರೆ ಬೀಳುವುದೇ ಸರಿ. ಭಾರದ ಹೆಚ್ಚಿನ ಪಾಲನ್ನು ಹೊರುವುದೋ ಹಿಂದಿನದು. ಆದುದರಿಂದ ಮುಂದೆ ಅಗಲವಾದ, ಹಿಡಿತದ ಟಯರು, ಹಿಂದೆ ನಡುಭಾಗ ನುಣುಪಾಗಿರುವ, ಸರಾಗವಾಗಿ ಉರುಳುವ ಟಯರು ಎಂಬ ಜೋಡಿ ನಮ್ಮ ಸೀಮೆಗೆ ಒಪ್ಪುತ್ತದೆ. ಡಾಂಬರು ಬಿಟ್ಟಿಳಿಯದ ನಮ್ಮ ವಿದ್ಯಾರ್ಥಿಗೆ ಎರಡೂ ನುಣುಪಾದವೇ ಸಾಕೆಂದು ಹೇಳಿದೆವು. ಮಳೆಯಲ್ಲಿ ಜಾರೀತೆಂದು ಅವನು ಅಂಜಿದ. ಸೈಕಲ್ಲಿನ ಟಯರು ಕಿರಿದು, ವೇಗವೂ ಕಡಮೆ. ಮೋಟಾರಿನಂತೆ ಅದು ನೀರಿನ ಪದರದ ಮೇಲೆ ತೇಲಿಹೋಗುವ ಭಯವಿಲ್ಲ.

ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ಅಂಕೆಗಳನ್ನು ಓದಬೇಕು. 54-622 ಎಂದಿದ್ದರೆ 54 ಮಿಲಿಮೀಟರು ಅಗಲ. 622 ಎಂಬುದು ಟಯರು ಕೂಡುವ ರಿಮ್ಮಿನ ವ್ಯಾಸ. ಎರಡನೆಯ ಅಂಕೆ ರಿಮ್ಮಿಗೆ ತಾಳೆಯಾಗಲೇಬೇಕು.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ಮಗನ ಮೂರುಗಾಲಿ ಸೈಕಲ್ಲಿಗೆ ಗಾಳಿ ತುಂಬಿದ ಟಯರು ಕಟ್ಟಿದಾಗ ನಮ್ಮ ಬಳ್ಳಾರಿ ಜಾಲಿಯ ಮುಳ್ಳನ್ನು ಕಂಡಿರಲಿಲ್ಲ. ಇಲ್ಲಿ ಅದೂ ನೆಗ್ಗಿಲ ಮುಳ್ಳೂ ಯಾವ ಟಯರನ್ನೂ ಬಿಡವು. ಟ್ಯೂಬಿಲ್ಲದ ಟಯರಿನೊಳಗೆ ರಬ್ಬರು ಹಾಲಿನ ದ್ರವವನ್ನು ಹಾಕಿದರೆ ಸಣ್ಣ ತೂತುಗಳು ತಾವೇ ಮುಚ್ಚಿಕೊಳ್ಳುತ್ತವೆ. ಬೇಸಗೆಯ ಬಿಸಿಗೆ ಈ ದ್ರವ ಬೇಗ ಒಣಗುವುದರಿಂದ ಆಗಾಗ ತುಂಬಿಸುತ್ತಿರಬೇಕು. ಮುಳ್ಳು ಕಿತ್ತೊಡನೆ ತೂತು ಕೆಳಬದಿಗೆ ಬರುವಂತೆ ಚಕ್ರವನ್ನು ತಿರುಗಿಸಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ದ್ರವ ಅಲ್ಲಿಗೆ ಇಳಿದು ಹೆಪ್ಪುಗಟ್ಟುತ್ತದೆ.